ಎಲೆಯ ಅಡಿಮೈ

ಒಂದು ಎಲೆಯನ್ನು ತಿರುವಿ ನೋಡಿದ, ಏನೂ ಇರಲಿಲ್ಲ. ಪಕ್ಕದ್ದನ್ನು ತಿರುವಿದ, ಅಲ್ಲಿಯೂ ಇರಲಿಲ್ಲ. ಇಲ್ಲವೆಂದ ಮೇಲೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಇದ್ದೂ ಕಾಣದೆ ಹೋಗಿರಬಹುದು ಎಂದುಕೊಂಡು ಜೇಬಿನಿಂದ ಬಿಳಿಯ ಕಾಗದ ತೆಗೆದು, ಎಲೆಯಡಿ ಹಿಡಿದು, ಬೆರಳಿನಿಂದ ಮೆಲ್ಲಗೆ ತಟ್ಟಿದ. ನಾಲ್ಕೈದು ಚುಕ್ಕೆ ಬಿದ್ದವು. ಅವು ನಡೆದಾಡುತ್ತವೆಯೋ ಎಂದು ಉಸಿರು ಬಿಗಿಹಿಡಿದು ಕಾದ. ಧೂಳು ಧೂಳಾಗಿಯೇ ಉಳಿಯಿತು. ವಿಮಾ ಕಚೇರಿಯ ಎಂಟನೆಯ ಮಹಡಿ, ಬೆಳಗಿನ ಹತ್ತು ಗಂಟೆ. ಅವನ ಮೊಣಕೈಗೆ ಒಂದು ಗೇಣು ದೂರದಲ್ಲಿ ಕೂತಿದ್ದ ಹೆಂಗಸು ಪರದೆಯಿಂದ ಕಣ್ಣು ಕೀಳದೆ, ಅವನು ಬಗ್ಗಿದಾಗ ಕಾಲನ್ನು ಒಂದಿಷ್ಟು ಮೇಲೆತ್ತಿ, ಅವನು ಎದ್ದಾಗ ಇಳಿಸಿದಳು. ಆರು ವರ್ಷದಿಂದ ವಾರಕ್ಕೆರಡು ಸಲ ಆ ಕಾಲುಗಳು ಹೀಗೆಯೇ ಏರಿ ಇಳಿದಿದ್ದವು. ಅವನಿಗೆ ಅವಳ ಮುಖಕ್ಕಿಂತ ಅವಳ ಚಪ್ಪಲಿಗಳ ಪರಿಚಯವೇ ಹೆಚ್ಚು. ಗಿಡಗಳನ್ನು ಬಾಡಿಗೆಗೆ ಕೊಡುವ ಕಂಪನಿಯ ಕೆಲಸಗಾರ ಅವನು. ನೀರು ಹಾಕುವುದು, ಎಲೆ ಒರೆಸುವುದು, ಹಳದಿಗೆ ತಿರುಗಿದ್ದನ್ನು ಯಾರ ಕಣ್ಣಿಗಾದರೂ ಬೀಳುವ ಮೊದಲೇ ಚಿವುಟಿ ಜೇಬಿಗೆ ಹಾಕಿಕೊಳ್ಳುವುದು. ಇಲ್ಲಿ ಎಲ್ಲರಿಗೂ ಅವನು ಗಿಡದವನು. ಹೆಸರು ಕೇಳಿದವರಿಲ್ಲ, ಅವನಾಗಿ ಹೇಳಲೂ ಹೋಗಿಲ್ಲ.

ಬೆಳಿಗ್ಗೆ ಅಕ್ಕನ ಫೋನು ಬಂದಿತ್ತು. ಒಡಹುಟ್ಟಿದ ಅಕ್ಕನಲ್ಲ. ರಸ್ತೆಯಾಚೆಯ ಬ್ಯಾಂಕಿನ ಕಟ್ಟಡದ ಗಿಡಗಳನ್ನು ಹತ್ತೊಂಬತ್ತು ವರ್ಷ ನೋಡಿಕೊಂಡವಳು, ಅವನಿಗೆ ಕೈಹಿಡಿದು ಕೆಲಸ ಕಲಿಸಿದವಳು, ಮೂರು ವಾರದ ಹಿಂದೆ ಅದೇ ಕೆಲಸ ಕಳೆದುಕೊಂಡವಳು.

"ಸಾಯಂಕಾಲ ಈ ಕಡೆ ಬರ್ತೀಯೇನೋ? ನಿನ್ನಿಂದ ಒಂದು ಕೆಲ್ಸ ಆಗ್ಬೇಕಿತ್ತು."

"ಏನಕ್ಕಾ?"

"ಬಾ, ಹೇಳ್ತೀನಿ. ಫೋನಲ್ಲಿ ಬೇಡ."

ಫೋನಲ್ಲಿ ಬೇಡ ಎಂದರೆ ಏನರ್ಥ? ದನಿಯಲ್ಲಿ ಸಿಟ್ಟಿತ್ತೇ? ಇರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು. ಗೊತ್ತಾಗಿದೆ ಅವಳಿಗೆ, ಎಂದುಕೊಂಡ. ಗೊತ್ತಾಗದೆ ಏನು? ಕೈಯಲ್ಲಿ ಮುಟ್ಟಿ ಎಲೆಯ ಬಾಯಾರಿಕೆ ಹೇಳುವವಳು ಅವಳು. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ಕುತ್ತಿಗೆಯ ಹಿಂದೆ ಏನೋ ಹರಿದಂತಾಗಿ ಪರಪರನೆ ಕೆರೆದುಕೊಂಡ. ಪರದೆಯ ಮುಂದಿನ ಹೆಂಗಸು ಆರು ವರ್ಷದಲ್ಲಿ ಮೊದಲ ಸಲ ಅವನ ಕಡೆ ನೋಡಿ, ಕುರ್ಚಿಯನ್ನು ಅತ್ತ ಸರಿಸಿಕೊಂಡಳು.

ನುಸಿ ಮೊದಲು ಕಾಣಿಸಿದ್ದು ಇದೇ ಮಹಡಿಯಲ್ಲಿ, ಮೂಲೆಯ ಗಾಜಿನ ಕೋಣೆಯ ಪಕ್ಕದ ಪಾಮ್ ಗಿಡದಲ್ಲಿ. ಎರಡು ತಿಂಗಳಾಯಿತು. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂತೆ ಬಿಳಿಚಿದ ಚುಕ್ಕೆಗಳು. ತಿರುವಿದರೆ ನರದುದ್ದಕ್ಕೂ ಹಿಟ್ಟು ಉದುರಿದ ಹಾಗೆ ಏನೋ. ಬೆರಳಾಡಿಸಿದರೆ ತುಕ್ಕಿನ ಬಣ್ಣದ ಗೆರೆ. ಜೇಡನಿಗೂ ಕಾಣದಷ್ಟು ತೆಳ್ಳಗಿನ ಬಲೆ ಎರಡು ಎಲೆಗಳ ಸಂದಿಯಲ್ಲಿ. ಕೆಂಪು ನುಸಿ. ಒಣ ಗಾಳಿ ಅದಕ್ಕೆ ಅಮೃತ. ಕಿಟಕಿ ತೆರೆಯದ, ಹಗಲೆಲ್ಲ ಏಸಿ ಓಡುವ ಕಟ್ಟಡಕ್ಕೆ ಅದು ಒಮ್ಮೆ ಬಂದರೆ ಸ್ವಂತ ಮನೆಯಂತೆ ಇದ್ದುಬಿಡುತ್ತದೆ. ಕಂಡ ಕೂಡಲೇ ಸೂಪರ್‌ವೈಸರಿಗೆ ಹೇಳಬೇಕು, ಕುಂಡವನ್ನು ಬೇರೆಯಿಡಬೇಕು, ಇದು ಕಂಪನಿಯ ನಿಯಮ. ಅವನು ಹೇಳಲಿಲ್ಲ. ಅದರ ಹಿಂದಿನ ವಾರವಷ್ಟೇ ಒಂದು ಹಳದಿ ಎಲೆಗಾಗಿ ಸೂಪರ್‌ವೈಸರು ಎಲ್ಲರೆದುರು, "ಆರು ವರ್ಷದಿಂದ ಏನ್ ಕಿಸೀತಿದ್ದೀಯ ಇಲ್ಲಿ?" ಎಂದಿದ್ದ. ಗಾಜಿನ ಕೋಣೆಯೊಳಗಿದ್ದವರು ತಲೆಯೆತ್ತಿ ನೋಡಿದ್ದರು. ಇನ್ನೊಮ್ಮೆ ಹಾಗೆ ನಿಲ್ಲಲಾರೆ ಎನಿಸಿತ್ತು. ತಾನೇ ಗುಟ್ಟಾಗಿ ವಾಸಿಮಾಡಿಬಿಟ್ಟರೆ ಯಾರಿಗೂ ತಿಳಿಯಬೇಕಾಗಿಲ್ಲ. ಬಾಟಲಿಯಲ್ಲಿ ಸಾಬೂನಿನ ನೀರು ತುಂಬಿ, ಮಾಮೂಲಿ ನೀರು ಸಿಂಪಡಿಸುವವನ ಹಾಗೆ ನಟಿಸುತ್ತ ಬಂದಾಗಲೆಲ್ಲ ಒಂದೊಂದು ಗಿಡದ ಅಡಿಮೈ ಒರೆಸಿದ. ಕೆಟ್ಟ ಎಲೆಗಳನ್ನು ಕತ್ತರಿಸಿ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಅಂಗಿಯೊಳಗೆ ಬಚ್ಚಿಟ್ಟು ಹೊರಗೊಯ್ದ. ಕದ್ದ ಮಾಲನ್ನೂ ಯಾರೂ ಅಷ್ಟು ಜೋಪಾನವಾಗಿ ಒಯ್ಯುವುದಿಲ್ಲ.

ನಿಲ್ಲಲಾರೆ ಎನಿಸಿದ್ದು ಬರೀ ಸೂಪರ್‌ವೈಸರನ ಬೈಗುಳಕ್ಕಲ್ಲ. ಈ ಮಹಡಿಯವರೆಲ್ಲ ಸೇರಿ ಫೋಟೊ ತೆಗೆಸಿಕೊಂಡ ದಿನವೂ ಒಳಗೆಲ್ಲೋ ಚುಚ್ಚುತ್ತಿತ್ತು. ಹಿಂದೆ ಹಸಿರು ಕಾಣಬೇಕು ಎಂದು ದೊಡ್ಡ ರಬ್ಬರ್ ಗಿಡವನ್ನು ಹೊರಿಸಿ ತರಿಸಿದರು. ಕುಂಡ ನೆಟ್ಟಗೆ ನಿಲ್ಲಲಿಲ್ಲ. "ನೀನು ಹಿಂದೆ ಕೂತು ಹಿಡ್ಕೊಂಡಿರು, ತಲೆ ಕಾಣ್ಬಾರ್ದು," ಎಂದ ಫೋಟೊದವನು. ಎಲ್ಲರೂ ನಕ್ಕು, ಹಲ್ಲು ಬಿಟ್ಟು, ಇನ್ನೊಂದು, ಇನ್ನೊಂದೇ ಒಂದು ಎನ್ನುವವರೆಗೂ ಅವನು ಎಲೆಗಳ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಆ ಫೋಟೊ ಈಗ ಲಿಫ್ಟಿನ ಪಕ್ಕದಲ್ಲಿ ತೂಗುತ್ತಿದೆ. ಕುಂಡದ ಅಂಚಿನಲ್ಲಿ ಅವನ ನಾಲ್ಕು ಬೆರಳು ಕಾಣುತ್ತವೆ. ಅದನ್ನು ಅಕ್ಕನಿಗೆ ಹೇಳಿಕೊಂಡಾಗ ಅವಳು ನಕ್ಕಿರಲಿಲ್ಲ. "ನಾವು ಕಾಣ್ಬಾರ್ದು ಕಣೋ, ನಮ್ಮ ಕೆಲ್ಸ ಮಾತ್ರ ಕಾಣ್ಬೇಕು. ಕೆಲ್ಸ ಕೆಟ್ಟ ದಿನ ನೋಡು, ನಾವೇ ಕಾಣ್ತೀವಿ," ಎಂದಿದ್ದಳು.

ಅಕ್ಕನಿಗೆ ಆಗಲೇ ಕಣ್ಣು ಮಂಜಾಗುತ್ತಿತ್ತು. ಗೋಡೆ, ಬಾಗಿಲು, ಬರುವ ಮನುಷ್ಯ ಎಲ್ಲ ಕಾಣುತ್ತಿದ್ದವು, ಸಣ್ಣದು ಕಾಣುತ್ತಿರಲಿಲ್ಲ. ಇನ್ನೆರಡು ವರ್ಷ ತಳ್ಳಿದರೆ ನಿವೃತ್ತಿ. ಹೇಗೋ ಬೆರಳಿನಲ್ಲೇ ನೋಡುತ್ತ ದಿನ ದೂಡುತ್ತಿದ್ದಳು. ಕಣ್ಣಾಸ್ಪತ್ರೆಗೆ ಹೋಗಬೇಕೆಂದು ಅವಳು ಒಂದು ದಿನ ರಜೆ ಕೇಳಲು ಹಿಂಜರಿದಾಗ ಅವನೇ ಹೇಳಿದ, "ಹೋಗ್ಬಾ ಅಕ್ಕ, ನಿನ್ನ ಕಡೇದೂ ನಾನೇ ಮುಗಿಸ್ತೀನಿ. ಯಾರಿಗೂ ಗೊತ್ತಾಗಲ್ಲ." ಮನಸ್ಸಿನಲ್ಲಿ ಕಪಟವಿರಲಿಲ್ಲ. ಎಷ್ಟು ಸಲ ಹಿಂದಿರುಗಿ ಹುಡುಕಿದರೂ ಆ ಮಾತಿನಲ್ಲಿ ಕಪಟ ಸಿಗುತ್ತಿರಲಿಲ್ಲ. ಅದೇ ಅವನಿಗೆ ಹೆಚ್ಚು ಸಂಕಟ. ಅವಳು ಆಸ್ಪತ್ರೆಗೆ ಹೋದ ದಿನ ಮಧ್ಯಾಹ್ನ ಇಲ್ಲಿಯ ಕೆಲಸ ಮುಗಿಸಿ ಆತುರಾತುರವಾಗಿ ರಸ್ತೆ ದಾಟಿದ. ಬ್ಯಾಂಕಿನ ಕೆಳಮಹಡಿ, ಗಾಜಿನ ಚಾವಣಿ, ಅದರಡಿ ಸಾಲಾಗಿ ನಲವತ್ತು ಪಾಮ್ ಗಿಡಗಳು, ಕಂಪನಿಯ ಹೆಮ್ಮೆ. ಅವಳ ಬಕೆಟ್ಟು ಬೀರುವಿನಲ್ಲಿತ್ತು, ಅವಳ ಬಟ್ಟೆಗಳು ಅದರೊಳಗೆ ಮಡಚಿದ್ದವು. ಬೀರುವಿನ ಬೀಗದ ಕೈಯನ್ನು ಅವಳು ಕಾವಲುಗಾರನ ಹತ್ತಿರ ಕೊಟ್ಟಿದ್ದಳು; ಕಾವಲುಗಾರ ಊಟಕ್ಕೆ ಹೋಗಿದ್ದ. ಒಂದು ಕಟ್ಟಡದ ಬಟ್ಟೆ ಇನ್ನೊಂದಕ್ಕೆ ಹೋಗಬಾರದು ಎಂದು ಮೊದಲ ದಿನವೇ ಅಕ್ಕ ಕಲಿಸಿದ್ದಳು. ಅವನ ಪ್ಯಾಂಟಿನ ಹಿಂಜೇಬಿನಲ್ಲಿ ಬೆಳಿಗ್ಗೆ ಎಂಟನೆಯ ಮಹಡಿಯ ಪಾಮಿನ ಅಡಿಮೈ ಒರೆಸಿದ್ದ ಬಟ್ಟೆಯಿತ್ತು. ತೊಳೆದಿದ್ದೇನಲ್ಲ, ಎಂದುಕೊಂಡ. ನಲ್ಲಿಯಡಿ ಒಮ್ಮೆ ಹಿಂಡಿದ್ದು ತೊಳೆದ ಹಾಗೆಯೇ? ನಲವತ್ತು ಗಿಡ. ಕಾವಲುಗಾರ ಊಟ ಮುಗಿಸಿ ಹಲ್ಲು ಕೆದಕುತ್ತ ಬರುವ ಹೊತ್ತಿಗೆ ಹದಿನಾರು ಗಿಡ ಒರೆಸಿಯಾಗಿತ್ತು. ಆಮೇಲೆ ಬೀಗ ತೆಗೆಸಿ ಉಳಿದವನ್ನು ಅವಳ ಬಟ್ಟೆಯಲ್ಲೇ ಒರೆಸಿದ. ತನ್ನದನ್ನು ಎಲ್ಲಿಟ್ಟೆನೆಂದು ಕೊನೆಗೆ ನೆನಪಾಗಲಿಲ್ಲ.

ಮೂರು ವಾರ ಕಳೆಯುವಷ್ಟರಲ್ಲಿ ಹದಿನಾರು ಗಿಡ ಬೂದಿ ಬಡಿದಂತಾದವು. ಉಳಿದವೂ ಹಿಂದೆಯೇ ಹೊರಟವು. ಬ್ಯಾಂಕಿನವರು ಕಂಪನಿಗೆ ಬರೆದರು. ಸೂಪರ್‌ವೈಸರು ಭೂತಗನ್ನಡಿ ಹಿಡಿದು ಬಂದ. ಅಕ್ಕಪಕ್ಕದ ಕಟ್ಟಡದ ಕೆಲಸಗಾರರನ್ನೂ ಕರೆಸಿ ಸಾಲಾಗಿ ನಿಲ್ಲಿಸಿದ. ಎಲ್ಲರೂ ಬಂದು ಹೋಗುವ ಜಾಗ. ಟೈ ಕಟ್ಟಿದವರು ಸುತ್ತುಬಳಸಿ ದಾಟುತ್ತಿದ್ದರು.

"ಇದು ಏನಮ್ಮಾ?" ಎಂದು ಒಂದು ಎಲೆ ಕಿತ್ತು ಅಕ್ಕನ ಮುಖಕ್ಕೆ ಹಿಡಿದ.

ಅವಳು ಎಲೆಯನ್ನು ಕೈಗೆ ತೆಗೆದುಕೊಂಡು, ಅಡಿಮೈ ಸವರಿ, "ನುಸಿ ಸಾರ್," ಎಂದಳು.

"ಈಗ ಗೊತ್ತಾಯ್ತಾ? ಇಷ್ಟು ದಿನ ಕಾಣಿಸ್ಲಿಲ್ವಾ?"

"ಬಲೆ ಕೈಗೆ ಸಿಗೋವರೆಗೂ ಗೊತ್ತಾಗ್ಲಿಲ್ಲ ಸಾರ್. ಸಣ್ಣದು ಕಾಣಲ್ಲ ನಂಗೆ."

"ಕಾಣಲ್ಲ!" ಸೂಪರ್‌ವೈಸರು ಸುತ್ತಲೂ ನೋಡಿ ನಕ್ಕ. "ಕಣ್ಣು ಕಾಣದವರನ್ನ ಇಟ್ಕೊಂಡು ಗಿಡ ನೋಡಿಸ್ತಿದ್ದೀವಿ ನಾವು. ಸರಿ, ಬಂದಿದ್ದು ಎಲ್ಲಿಂದ? ಬೇರೆಯವರ ಬಟ್ಟೆ ಗಿಟ್ಟೆ ಏನಾದ್ರೂ ಇಲ್ಲಿಗೆ ಬಂತಾ?"

ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಎರಡೇ ಎರಡು ಶಬ್ದ: ನನ್ನದು ಸಾರ್. ಅಕ್ಕ ಒಂದು ಕ್ಷಣ ತಡೆದಳು. ಅವನ ಕಡೆ ತಿರುಗಲಿಲ್ಲ, ತಿರುಗದೆ ಇರಲು ಕಷ್ಟಪಟ್ಟಂತೆ ಕುತ್ತಿಗೆ ಸೆಟೆದಿತ್ತು. ಹಾಗೆಂದು ಅವನಿಗೆ ಆಮೇಲೆ ತೋರಿತೋ, ಆಗಲೇ ತೋರಿತ್ತೋ? "ಇಲ್ಲ ಸಾರ್," ಎಂದಳು, "ಇಲ್ಲಿಗೆ ನಾನೊಬ್ಳೇ ಬರೋದು." ಅಲ್ಲಿಗೆ ಮುಗಿಯಿತು. ಬೀರುವಿನ ಬೀಗದ ಕೈ ಒಪ್ಪಿಸಿ ಹೋಗು ಎಂದರು. ಹತ್ತೊಂಬತ್ತು ವರ್ಷದ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಇದನ್ನು ಯಾರಿಗೆ ಕೊಡಲಿ ಎಂದು ಅವಳು ಒಬ್ಬೊಬ್ಬರ ಕಡೆಗೂ ಮುಖ ತಿರುಗಿಸುತ್ತ ನಿಂತಿದ್ದಾಗ ಮುಂದೆ ಬಂದು ಇಸಿದುಕೊಂಡವನು ಅವನೇ. ಮರುದಿನದಿಂದ ಬ್ಯಾಂಕಿನ ಕೆಲಸವೂ ಅವನ ಪಾಲಿಗೆ ಬಂತು. ನಲವತ್ತೂ ಗಿಡ ಎತ್ತಿ ಹೊಸ ಗಿಡ ಇಟ್ಟರು. "ನೀನು ಹುಷಾರಿದ್ದೀಯ," ಎಂದು ಸೂಪರ್‌ವೈಸರು ಬೆನ್ನು ತಟ್ಟಿದ. ಆ ತಟ್ಟಿದ ಜಾಗದಲ್ಲೇ ನವೆ ಶುರುವಾದದ್ದು ಎಂದು ಅವನಿಗೆ ಒಮ್ಮೊಮ್ಮೆ ಅನಿಸುತ್ತದೆ.

ಮನೆಯಲ್ಲಿ ಹೆಂಡತಿ ಅಂಗಿ ಬಿಚ್ಚಿಸಿ, ಬೆಳಕಿಗೆ ತಿರುಗಿಸಿ ನೋಡಿದ್ದಳು. "ಏನೂ ಇಲ್ಲ ರೀ, ನಿಮ್ಮ ಉಗುರಿನ ಗೀರು ಬಿಟ್ರೆ." ಆ ನುಸಿ ಮನುಷ್ಯರನ್ನು ಕಚ್ಚುವುದಿಲ್ಲ ಎಂದು ಅವನಿಗೂ ಗೊತ್ತು. "ಅಷ್ಟು ಕೊರಗೋದಾದ್ರೆ ಹೋಗಿ ಮಾತಾಡಿಸ್ಕೊಂಡು ಬನ್ನಿ ಆಕೇನ," ಎಂದಳು ಹೆಂಡತಿ. ಅಕ್ಕನ ಕೆಲಸ ಹೋಯಿತೆಂದು ಗಂಡ ಕೊರಗುತ್ತಿದ್ದಾನೆ ಎಂದೇ ಅವಳ ಎಣಿಕೆ. ಅವಳಿಗೂ ಹೇಳಿರಲಿಲ್ಲ. ಅಕ್ಕನ ಮನೆಗೆ ಹೋಗಿಯೂ ಇರಲಿಲ್ಲ. ಹೋಗಬೇಕೆಂದು ಎರಡು ಸಲ ಬಸ್ಸು ಹತ್ತಿ ನಡುವೆಯೇ ಇಳಿದಿದ್ದ. ಒಮ್ಮೆ ಅವಳ ಬೀದಿಯ ತಿರುವಿನವರೆಗೂ ಹೋಗಿ, ಹಣ್ಣಿನ ಅಂಗಡಿಯಲ್ಲಿ ನಿಂತು, ಬೇಡದ ಕಿತ್ತಳೆ ಕೊಂಡು ವಾಪಸು ಬಂದಿದ್ದ.

ಈವತ್ತು ತಪ್ಪಿಸಿಕೊಳ್ಳುವಂತಿರಲಿಲ್ಲ. ನಾಲ್ಕಕ್ಕೆ ಕೆಲಸ ಮುಗಿಯಿತು. ದಾರಿಯುದ್ದಕ್ಕೂ ಬಸ್ಸಿನ ಕಂಬಿ ಹಿಡಿದು ಮಾತು ಜೋಡಿಸಿದ. ಅಕ್ಕಾ, ಅದು ನನ್ನ ಬಟ್ಟೆ. ಬೇಡ, ಬಟ್ಟೆಯಿಂದ ಶುರುಮಾಡಿದರೆ ಚಿಕ್ಕದಾಗಿ ಕೇಳುತ್ತದೆ. ಅಕ್ಕಾ, ನಾನು ನಿನಗೆ ಮೋಸ ಮಾಡಿದೆ. ಇದು ನಾಟಕದ ಮಾತಿನ ಹಾಗಾಯಿತು. ಅವಳೇ ಮೊದಲು ಬೈದುಬಿಟ್ಟರೆ ಸಾಕು, ತಲೆ ತಗ್ಗಿಸಿ ನಿಂತರಾಯಿತು ಎಂದುಕೊಂಡಾಗ ಎದೆ ಸ್ವಲ್ಪ ಹಗುರಾಯಿತು. ಬೈಸಿಕೊಳ್ಳುವುದಕ್ಕೂ ಅವಳೇ ಶ್ರಮಪಡಬೇಕೇನು ಎಂದು ಹೊಳೆದೊಡನೆ ಮತ್ತೆ ಭಾರವಾಯಿತು. ಮೂರನೆಯ ಮಹಡಿಗೆ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ.

"ಬಂದ್ಯಾ? ಚಪ್ಪಲಿ ಅಲ್ಲೇ ಬಿಡು. ಎಷ್ಟು ಸೊರಗಿದ್ದೀಯೋ!"

"ಕಾಣ್ಸತ್ತಾ ಅಕ್ಕ?"

"ಹೆಜ್ಜೆ ಸದ್ದಲ್ಲೇ ಗೊತ್ತಾಗತ್ತೆ ಬಿಡು," ಎಂದು ನಕ್ಕಳು.

ಒಂದೇ ಕೋಣೆ, ಪಕ್ಕಕ್ಕೆ ಅಡುಗೆಯ ಗೂಡು, ಬಚ್ಚಲು. ಮಂಚದ ಹೊದಿಕೆಯ ಅಂಚು ಗೆರೆ ಎಳೆದಂತೆ ನೆಟ್ಟಗಿತ್ತು. ಪಾತ್ರೆಗಳೆಲ್ಲ ಕೈಚಾಚಿದರೆ ಸಿಗುವಂತೆ ಒಂದೇ ಸಾಲಿನಲ್ಲಿ. ಕಿಟಕಿಯ ಕೆಳಗೆ ಹಲಗೆ, ಹಲಗೆಯ ಮೇಲೆ ಒಂಬತ್ತು ಕುಂಡ. ಅವಳು ಲೋಟದ ಅಂಚಿನೊಳಗೆ ಕಿರುಬೆರಳಿಟ್ಟು ಎಷ್ಟು ತುಂಬಿತೆಂದು ಅಳೆಯುತ್ತ ಚಹಾ ಸೋಸಿ ಕೊಟ್ಟಳು. ಅವನು ಕುಡಿದ. ಈಗ ಹೇಳಬೇಕು ಎಂದುಕೊಂಡ. ಲೋಟ ಖಾಲಿಯಾದ ಮೇಲೆ ಎಂದುಕೊಂಡ. ಲೋಟ ಖಾಲಿಯಾಯಿತು.

"ನಿನ್ನ ಕರೆಸಿದ್ದು ಯಾಕೆ ಅಂದ್ರೆ," ಎಂದಳು ಅಕ್ಕ, "ಈ ಕ್ರೋಟನ್ ಗಿಡ ಒಂದ್ಸಲ ನೋಡು. ಎಲೆ ಉದುರ್ತಾ ಇದೆ. ನಂಗೆ ಒಂಥರಾ ಅನುಮಾನ. ನಿನ್ನ ಕಣ್ಣು ಚೆನ್ನಾಗಿದೆ. ನೋಡಿ, ಇದ್ದದ್ದು ಇದ್ದ ಹಾಗೆ ಹೇಳು. ನನ್ನ ಮನಸ್ಸಿಗೆ ನೋವಾಗತ್ತೆ ಅಂತ ಸುಳ್ಳು ಹೇಳ್ಬೇಡ."

ಅವನು ಕುಂಡವನ್ನು ಕಿಟಕಿಯ ಬೆಳಕಿಗೆ ತಂದ. ತಿರುವಬೇಕಾಗಿಯೇ ಇರಲಿಲ್ಲ. ಕೊಂಬೆಯ ಕವಲಿನಲ್ಲಿ ಬಲೆ ಹೊಳೆಯುತ್ತಿತ್ತು, ಅದರ ಮೇಲೆ ಅವು ಓಡಾಡುತ್ತಿದ್ದವು, ನಿರಾತಂಕವಾಗಿ, ತಮ್ಮ ಪಾಡಿಗೆ ತಾವು. ಬ್ಯಾಂಕಿನಿಂದ ಅವಳ ತೋಳಿನ ಮೇಲೋ ಚೀಲದ ಮೇಲೋ ಕೂತು ಇಲ್ಲಿಯವರೆಗೂ ಬಂದಿದ್ದವು. ಇಲ್ಲ ಎನ್ನಲೇ? ಎಂದರೆ ಒಂಬತ್ತೂ ಸಾಯುತ್ತವೆ. ಅಷ್ಟು ಕೇಡಿಗನಾಗುವ ಶಕ್ತಿ ತನಗಿಲ್ಲ ಎಂದು ಅವನಿಗೆ ಗೊತ್ತಾಯಿತು. ಒಳ್ಳೆಯವನಾಗುವ ಶಕ್ತಿಯೂ ಇಲ್ಲವೆಂದು ಗೊತ್ತಾಗಿ ಮೂರು ವಾರವಾಗಿತ್ತು.

"ಇದೆ ಅಕ್ಕ."

"ಅದೇನಾ?"

"ಅದೇ. ಕೆಂಪು ನುಸಿ."

ಅಕ್ಕ ಮಂಚದ ಮೇಲೆ ಕೂತಳು. ಅಳುತ್ತಿದ್ದಾಳೋ ಎಂದು ನೋಡಿದ. ಅಳುತ್ತಿರಲಿಲ್ಲ, ಮುಖದಲ್ಲಿ ಏನೋ ಸಡಿಲಾಗಿತ್ತು, ಹಳೆಯ ಬಿಗಿತವೊಂದು ಬಿಟ್ಟುಹೋದವರಂತೆ.

"ಹಾಗಿದ್ರೆ ನಾನೇ," ಎಂದಳು. "ಇಲ್ಲಿಂದ ನಾನೇ ತಗೊಂಡ್ಹೋಗಿ ಅಲ್ಲಿ ಹಚ್ಚಿದ್ದು. ಮೈಮೇಲೆ ಹೊತ್ಕೊಂಡು ಹೋಗಿದ್ದೀನಿ ದಿನಾ. ಥೂ, ಮನೇಲಿಟ್ಕೊಂಡು ಊರೆಲ್ಲ ಹುಡುಕ್ತಿದ್ದೆ."

"ಇಲ್ಲಕ್ಕಾ, ಅದು ಹಾಗಲ್ಲ..."

"ಸುಮ್ನಿರು, ನಾನು ಹೇಳೋದು ಕೇಳು. ನಿಂಗೊಂದು ಮಾತು ಹೇಳ್ಬೇಕು. ಹೇಳ್ದಿದ್ರೆ ನಂಗೆ ಉಣ್ಣೋ ಅನ್ನ ಇಳಿಯಲ್ಲ." ಅವಳು ಅಂಗೈಗಳನ್ನು ಮೊಣಕಾಲಿನ ಮೇಲೆ ಒತ್ತಿಕೊಂಡಳು. "ಕಣ್ಣಾಸ್ಪತ್ರೆಗೆ ಹೋಗಿ ಬಂದ ಮಾರನೇ ದಿನ ನನ್ನ ಬಕೆಟ್ಟಲ್ಲಿ ಒಂದು ಬಟ್ಟೆ ಸಿಕ್ತು. ದಪ್ಪ ನೇಯ್ಗೆ, ಮುಟ್ಟಿದ್ರೇ ಗೊತ್ತಾಗತ್ತಲ್ಲ, ನಂದಲ್ಲ. ನಿಂದು. ಏನೂ ಅನ್ಕೊಳ್ಲಿಲ್ಲ ಆಗ. ಗಿಡ ಕೆಟ್ಮೇಲೆ ಅದೇ ತಲೇಲಿ ಕೊರೆಯೋಕೆ ಶುರುವಾಯ್ತು. ಇವನೇ ತಂದ, ಇವನ ಕಡೆ ಇದ್ದಿರ್ಬೇಕು, ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ ಅಂತ. ಸಾಹೇಬ್ರು ಕೇಳ್ದಾಗ ನಿನ್ನ ಹೆಸರು ಬಾಯಿಗೆ ಬಂದಿತ್ತು ಕಣೋ. ನುಂಗ್ಕೊಂಡೆ. ಮನೇಲಿ ಒಬ್ಳೇ ಕೂತು ಮೂರು ವಾರ ನಿನ್ನ ಶಪಿಸಿದ್ದೀನಿ. ನಿನ್ನ ಮಕ್ಕಳು ಮರೀನೂ ಬಿಡ್ಲಿಲ್ಲ." ಅವನ ಕಡೆ ಮುಖ ತಿರುಗಿಸಿದಳು. "ಉಪಕಾರ ಮಾಡಿದವನ ಮೇಲೆ ಅಷ್ಟು ಕೆಟ್ಟದಾಗಿ ಯೋಚ್ನೆ ಮಾಡ್ದೆ. ತಪ್ಪಾಯ್ತು ತಮ್ಮಾ. ಮನಸ್ಸಲ್ಲಿಟ್ಕೋಬೇಡ."

ಅವಳ ಕೈ ಗಾಳಿಯಲ್ಲಿ ತಡಕಾಡಿ ಅವನ ಮೊಣಕೈ ಹಿಡಿಯಿತು. ಎಲೆಯ ನರ ಸವರುವ ಆ ಬೆರಳುಗಳು ತನ್ನ ಚರ್ಮದಡಿಯಲ್ಲಿರುವುದನ್ನು ಓದಿಬಿಡುತ್ತವೆ ಎಂದು ಅವನು ಕಾದ. ಹಾಗೇನೂ ಆಗಲಿಲ್ಲ. ಬಸ್ಸಿನಲ್ಲಿ ಜೋಡಿಸಿದ್ದ ಮಾತುಗಳನ್ನು ಹುಡುಕಿದ. ಅವೆಲ್ಲ ಬೈಯುವ ಅಕ್ಕನಿಗಾಗಿ ಜೋಡಿಸಿದ್ದವು. ಕ್ಷಮೆ ಕೇಳುತ್ತಿರುವ ಈ ಹೆಂಗಸಿಗೆ ಹೇಳುವಂಥದ್ದು ಅವುಗಳಲ್ಲಿ ಒಂದೂ ಇರಲಿಲ್ಲ. ಈಗ ಹೇಳಿದರೆ ಅವಳು ಕೇಳಿದ ಕ್ಷಮೆಯನ್ನು ಅವಳ ಮುಖಕ್ಕೇ ಎಸೆದಂತೆ, ಎಂದು ಮನಸ್ಸು ಒಂದು ನೆವ ಒದಗಿಸಿತು. ಅದು ನೆವವೆಂದೂ ಅವನಿಗೆ ಗೊತ್ತಿತ್ತು.

"ಇರ್ಲಿ ಬಿಡಕ್ಕಾ," ಎಂದ.

ಅಂದದ್ದು ತಾನೇ ಎಂದು ನಂಬಲಾಗಲಿಲ್ಲ. ದೊಡ್ಡ ಮನಸ್ಸಿನವನ ದನಿಯಾಗಿತ್ತು ಅದು.

ಅಕ್ಕ ಕಣ್ಣೊರೆಸಿಕೊಂಡು ಎದ್ದಳು. ಕೆಲಸದ ಅಕ್ಕನಾದಳು. ಕ್ರೋಟನ್ನನ್ನು ಉಳಿದವುಗಳಿಂದ ಬೇರೆ ಮಾಡಬೇಕು. ಬಲೆ ಕಟ್ಟಿದ ಎಲೆ ಕತ್ತರಿಸಿ ಚೀಲದಲ್ಲಿ ಕಟ್ಟಬೇಕು. ಒಂಬತ್ತನ್ನೂ ಬಚ್ಚಲಿಗೊಯ್ದು, ಬುಡದ ಮಣ್ಣಿಗೆ ಪ್ಲಾಸ್ಟಿಕ್ ಸುತ್ತಿ, ಓರೆ ಮಾಡಿ, ಅಡಿಮೈಗೆ ಬೀಳುವಂತೆ ನೀರು ಬಿಡಬೇಕು, ಆಮೇಲೆ ಸಾಬೂನು. "ಒಂದ್ಸಲಕ್ಕೆ ಹೋಗಲ್ಲ. ದೊಡ್ಡವು ಸಾಯ್ತವೆ, ಮೊಟ್ಟೆ ಹಾಗೇ ಇರತ್ತೆ. ನಾಲ್ಕು ದಿನ ಬಿಟ್ಟು ಮತ್ತೆ. ಆಮೇಲೆ ಮತ್ತೆ. ನೀನು ಬರ್ತೀಯಾ?"

"ಬರ್ತೀನಿ."

ಬಚ್ಚಲಿನಲ್ಲಿ ಅವನು ಮಂಡಿಯೂರಿ ಕೂತ. ಅವಳು ಒಂದೊಂದೇ ಕುಂಡ ತಂದುಕೊಟ್ಟಳು. ಒಂದೊಂದು ಎಲೆಯನ್ನೂ ಎರಡು ಬೆರಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಒರೆಸಿದ. ತುಕ್ಕು ಬಣ್ಣದ ನೀರು ಅವನ ಮಣಿಕಟ್ಟಿನಿಂದ ಇಳಿದು ತೂಬಿಗೆ ಹೋಯಿತು. ಮೂರನೆಯ ಕುಂಡ ಮುಗಿದಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಕುಂಡವಿರಲಿಲ್ಲ, ಫೋನಿತ್ತು.

"ಸಾಹೇಬ್ರಿಗೆ ಒಂದು ಮಾತು ಹೇಳ್ಬಿಡ್ತೀನಿ. ಇಲ್ಲಿಂದ್ಲೇ ಹೋಗಿದ್ದು ಅಂತ."

"ಯಾಕಕ್ಕಾ? ಅದೆಲ್ಲ ಮುಗೀತಲ್ಲ."

"ಮುಗೀಲಿಲ್ಲ ಕಣೋ. ಆ ಬಟ್ಟೆ ವಿಷ್ಯ ತಡ್ಕೊಳ್ಳೋಕಾಗ್ದೆ ಹೋದ ವಾರ ಕಾವಲುಗಾರನ ಹತ್ರ ಬಾಯಿಬಿಟ್ಟಿದ್ದೀನಿ. ಅವನು ಊರಿಗೆಲ್ಲ ಹೇಳೋನು. ನಾಳೆ ನಿನ್ನ ತಲೆಗೆ ಬಂದ್ರೆ? ನನ್ನದಂತೂ ಹೋಯ್ತು, ನಿಂದೂ ಯಾಕೆ ಹೋಗ್ಬೇಕು?" ಫೋನನ್ನು ಅವನತ್ತ ಚಾಚಿದಳು. "ನಿನ್ನ ನಂಬರಾದ್ರೆ ಒಂದು ಗುಂಡಿ ಒತ್ತಿದ್ರೆ ಹೋಗತ್ತೆ. ಅವರ ನಂಬರು ನಂಗೆ ಹುಡುಕೋಕಾಗಲ್ಲ. ನೀನೇ ಒತ್ಕೊಡು."

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಫೋನು ತೆಗೆದುಕೊಂಡ. ಸೂಪರ್‌ವೈಸರನ ನಂಬರು ಅವನಿಗೆ ಬಾಯಿಪಾಠವಿತ್ತು. ಬೇಕೆಂದೇ ಒಂದು ಅಂಕಿ ತಪ್ಪಾಗಿ ಒತ್ತಬಹುದಿತ್ತು, ನೀರಿಗೆ ಬೀಳಿಸಬಹುದಿತ್ತು, ಫೋನನ್ನು ಕೆಳಗಿಟ್ಟು ಅವಳ ಎರಡೂ ಕೈ ಹಿಡಿದುಕೊಳ್ಳಬಹುದಿತ್ತು. ಹೆಬ್ಬೆರಳು ಒಂದಾದ ಮೇಲೊಂದು ಅಂಕಿ ಒತ್ತುತ್ತ ಹೋಯಿತು, ಒಂದೂ ತಪ್ಪಲಿಲ್ಲ. ಆ ಕಡೆ ಗಂಟೆ ಬಾರಿಸತೊಡಗಿದ ಮೇಲೆ ಫೋನನ್ನು ಅವಳ ಕೈಗಿಟ್ಟ. ಅವಳು ಸಾಹೇಬರು ಎದುರಿಗೇ ಬಂದು ನಿಂತಂತೆ ತಲೆಗೂದಲು ಸವರಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕೋಣೆಯ ಕಡೆ ತಿರುಗಿದಳು.

ಅವನು ತೊಳೆದಿಟ್ಟ ಮೂರನೆಯ ಕುಂಡವನ್ನೇ ಮತ್ತೆ ಎಳೆದುಕೊಂಡು ನಲ್ಲಿಯನ್ನು ಪೂರ್ತಿ ತಿರುಗಿಸಿದ. ನೀರು ಭೋರೆಂದು ಬಕೆಟ್ಟಿಗೆ ಬಿತ್ತು. ಆ ಸದ್ದಿನಲ್ಲೂ ಅವಳ ಮಾತು ಒಂದೊಂದೂ ಬಿಡಿಬಿಡಿಯಾಗಿ ಕೇಳಿಸಿತು.

"ಇಲ್ಲ ಸಾರ್, ಅವನದೇನೂ ತಪ್ಪಿಲ್ಲ. ಹೌದು ಸಾರ್, ನಾನೇ. ಅವನು ಇಲ್ಲೇ ಇದ್ದಾನೆ, ನಮ್ಮನೆ ಗಿಡ ತೊಳ್ಕೊಡ್ತಿದ್ದಾನೆ, ಪಾಪ."